ಕಾಯಿ ಅಟ್ಟದ ಮೊಟ್ಟೆಗಳು

ಅಟ್ಟದಲ್ಲಿ ಮೂರನೇ ಸಾಲಿನ ತೆಂಗಿನಕಾಯಿಗಳ ಹಿಂದೆ ರುದ್ರಮುನಿ ಮತ್ತೊಮ್ಮೆ ಕೈಯಾಡಿಸಿದ. ನಿನ್ನೆ ಆರು ಮೊಟ್ಟೆ ಇಟ್ಟಿದ್ದ. ಈಗ ನಾಲ್ಕೇ ಇದ್ದವು. ಸಿಪ್ಪೆಯ ಚೂರೂ ಬಿದ್ದಿರಲಿಲ್ಲ.

ಶೆಟ್ಟಿಕೆರೆಯ ಪರಮಶಿವಯ್ಯನವರ ಅಟ್ಟದಲ್ಲಿ ಮೊಟ್ಟೆಯಿದೆ ಎಂದರೆ ಊರಲ್ಲಿ ಯಾರೂ ನಂಬುತ್ತಿರಲಿಲ್ಲ. ಲಿಂಗಪೂಜೆಯಾಗದೆ ಗುಟುಕು ನೀರನ್ನೂ ಕುಡಿಯದ ಮನುಷ್ಯ ಅವರು. ಸ್ವಂತ ತಮ್ಮ ಸಿದ್ಧಲಿಂಗಪ್ಪ ತಿಪಟೂರಿನ ಹೋಟೆಲಿನಲ್ಲಿ ಆಮ್ಲೆಟ್ ತಿಂದನೆಂದು ತಿಳಿದ ದಿನವೇ ಅವನ ತಟ್ಟೆ ಲೋಟ ಬೇರೆ ಮಾಡಿ, ಜಗಲಿಯಲ್ಲಿ ಊಟಕ್ಕೆ ಕೂರಿಸಿದ್ದರು. ತಿಂಗಳೊಳಗೆ ಅವನು ಮನೆ ಬಿಟ್ಟ. ಒಂಬತ್ತು ವರ್ಷವಾಯಿತು, ಅಣ್ಣ ತಮ್ಮ ಮುಖ ನೋಡಿಲ್ಲ. ರುದ್ರಮುನಿ ಆ ಮನೆಯ ಒಬ್ಬನೇ ಮಗ.

ಅವನಿಗೆ ಬೇಕಾಗಿದ್ದದ್ದು ಇನ್ನೂ ಒಂದೂವರೆ ಇಂಚು ಎದೆ. ಪೊಲೀಸ್ ಆಯ್ಕೆಯಲ್ಲಿ ಹಿಂದಿನ ವರ್ಷ ಅಷ್ಟಕ್ಕೇ ವಾಪಸು ಕಳಿಸಿದ್ದರು. ಎಂಬತ್ತೆರಡನೇ ಇಸವಿಯ ಆಯ್ಕೆ ತಪ್ಪಿದರೆ ವಯಸ್ಸು ಮೀರುತ್ತಿತ್ತು. ಗರಡಿಮನೆಯ ದುರ್ಗಯ್ಯ ಮಿಲಿಟರಿಯಿಂದ ಬಂದವನು. ಟೇಪು ಸುತ್ತಿ ನೋಡಿ ತಲೆಯಾಡಿಸಿದ್ದ.

"ಮುದ್ದೇಲಿ ಕಾರ್ಬೋಹೈಡ್ರೇಟ್ ಐತೆ, ದುಡಿಯೋಕೆ ಕಸುವು ಕೊಡ್ತದೆ. ತುಪ್ಪ, ಕೊಬ್ಬರೀಲಿ ಕೊಬ್ಬು. ನಿಮ್ಮನೇಲಿ ಎರಡಕ್ಕೂ ಬರ ಇಲ್ಲ. ಮೈ ಕಟ್ಟೋ ಪ್ರೋಟೀನೇ ಕಮ್ಮಿ ಕಣಪ್ಪ. ಮೂರೂ ಒಂದು ಅಳತೇಲಿ ಇರಬೇಕು."

"ಹುರುಳಿಕಾಳು, ಹಾಲು ಸಾಲದಾ?"

"ವರ್ಷ ಪುರಸೊತ್ತಿದ್ರೆ ಸಾಕು. ನಿಂಗಿರೋದು ಎರಡು ತಿಂಗಳು."

ದುರ್ಗಯ್ಯ ಚೀಟಿ ಬರೆದುಕೊಟ್ಟ. ಮುದ್ದೆ ಮೂರರ ಬದಲು ಎರಡು. ಕೊಬ್ಬರಿ ಒಂದೇ ಹೋಳು. ನೆನೆಸಿದ ಕಡಲೆ ಎರಡು ಹಿಡಿ, ಹಾಲು, ಮೊಟ್ಟೆ ಎರಡು. ಕೊನೆಯ ಸಾಲು ಓದಿದ ಕೂಡಲೇ ರುದ್ರಮುನಿ ಚೀಟಿಯನ್ನು ಮಡಿಚಿ ಬನೀನಿನೊಳಗೆ ಸಿಕ್ಕಿಸಿಕೊಂಡಿದ್ದ.

ಕೊಬ್ಬರಿಗೆ ಹಾಕಿದ ಕಾಯಿಯನ್ನು ಒಳಗಿನ ನೀರು ಇಂಗುವ ತನಕ, ಹೆಚ್ಚುಕಡಿಮೆ ಒಂದು ವರ್ಷ, ಯಾರೂ ಮುಟ್ಟುವುದಿಲ್ಲ. ಈ ಕಾಯಿ ಅಟ್ಟ ಸೇರಿ ಐದು ತಿಂಗಳಾಗಿತ್ತಷ್ಟೆ. ಇದಕ್ಕಿಂತ ಭದ್ರವಾದ ಜಾಗ ತಾಲ್ಲೂಕಿನಲ್ಲೇ ಇಲ್ಲ ಅಂದುಕೊಂಡಿದ್ದ ಪುಣ್ಯಾತ್ಮ.

ಮೊಟ್ಟೆ ಕೊಡುತ್ತಿದ್ದ ಭೈರಮ್ಮನನ್ನೇ ಹೋಗಿ ಕೇಳಿದ.

"ಕೇರೆಹಾವಿರಬೇಕು ಕಣಪ್ಪ. ಇಡೀದಾಗಿ ನುಂಗ್ತದೆ, ಸಿಪ್ಪೆ ಉಳಿಯಾಕಿಲ್ಲ."

ಹಾವಿಗೆ ಹೆದರಿ ಹರಕೆ ಹೊರುವವರುಂಟು. ಹಾವೇ ಆಗಿರಲಿ ಎಂದು ಹರಕೆ ಹೊತ್ತವನು ಇವನೊಬ್ಬನೇ ಇರಬೇಕು.

ಅವತ್ತೇ ರಾತ್ರಿ ಊಟದ ಹೊತ್ತಿಗೆ ಪರಮಶಿವಯ್ಯನವರು ಹೆಂಡತಿಗೆ ಹೇಳಿದರು.

"ನಾಳೆಯಿಂದ ನನ್ನ ತಟ್ಟೆ ಲೋಟ ಬೇರೆ ಇಡು. ಇವನ ಜೊತೆ ಊಟಕ್ಕೆ ಕೂರಾಕಿಲ್ಲ."

"ಯಾಕ್ರೀ?" ಎಂದರು ವಿಮಲಮ್ಮ.

"ನೇಮ ಹಿಡಿದಿದ್ದೀನಿ, ಬುಡು."

ಮಗನ ಕಡೆ ಅವರು ತಿರುಗಿಯೂ ನೋಡಲಿಲ್ಲ. ರುದ್ರಮುನಿ ಮುರಿದ ಮುದ್ದೆಯನ್ನು ತಟ್ಟೆಗೇ ಬಿಟ್ಟ. ಚಿಕ್ಕಪ್ಪನಿಗೂ ಹೀಗೇ ಶುರುವಾಗಿತ್ತು. ಇನ್ನು ಜಗಲಿಗೆ ಹೋಗುವುದೊಂದೇ ಬಾಕಿ.

ಆಮೇಲೆ ದಿನಕ್ಕೆರಡು ಮೊಟ್ಟೆ ತಪ್ಪದೆ ಹೋದವು. ಎರಡು ಜಾಸ್ತಿ ತಂದಿಟ್ಟ. ಮೊಟ್ಟೆ ನಿಲ್ಲಿಸಿದರೆ ಎದೆ ಬೆಳೆಯುವುದೂ ನಿಲ್ಲುತ್ತದೆ, ಬೇರೆ ಕಡೆ ಇಡಲು ಜಾಗವಿಲ್ಲ. ಅವನು ಹತ್ತಿರ ಬಂದರೆ ಸಾಕು, ಅಪ್ಪ ಟವೆಲಿನಿಂದ ಮೂಗು ಬಾಯಿ ಮುಚ್ಚಿಕೊಂಡು ಆಚೆಗೆ ಸರಿಯುತ್ತಿದ್ದರು. ತನ್ನ ಮೈಯೇ ನಾರುತ್ತಿದೆಯೇನೋ ಎಂದು ಅವನು ಎರಡೆರಡು ಸಲ ಸ್ನಾನ ಮಾಡಿದ. ಕೊಬ್ಬರಿ ಸಂತೆ ಇಲ್ಲದ ದಿನವೂ ಅವರು ತಿಪಟೂರಿನ ಬಸ್ಸು ಹತ್ತುತ್ತಿದ್ದರು. ಯಾವ ಹಿರಿಯರ ಹತ್ತಿರ ತನ್ನ ವಿಷಯ ಏನು ಮಾತಾಡಿ ಬರುತ್ತಾರೋ ಎಂದು ಇವನಿಗೆ ಹಗಲೆಲ್ಲ ಜೀವ ಹಾರುತ್ತಿತ್ತು. ಅಂಗಿ ಅವರ ಹೆಗಲಿನಿಂದ ಜೋತುಬಿದ್ದಿತ್ತು. ಕೆಮ್ಮಿದರೆ ಕಾಯಿಮಟ್ಟೆ ಧೂಳು ಅನ್ನುತ್ತಿದ್ದರು.

"ಏನೋ ಮನಸ್ಸಿಗೆ ಹಚ್ಚಿಕೊಂಡು ಕರಗಿ ಹೋಗ್ತಾವ್ರೆ ಕಣೋ ನಿಮ್ಮಪ್ಪ," ಎಂದರು ವಿಮಲಮ್ಮ. ಆ ಏನೋ ಯಾವುದೆಂದು ಮಗನಿಗೆ ಗೊತ್ತಿತ್ತು. ಅವ್ವನ ಮುಖ ನೋಡಲು ನಾಚಿಕೆಯಾಯಿತು.

ಆಯ್ಕೆಗೆ ನಾಲ್ಕು ದಿನವಿರುವಾಗ ಅವನಿಗೆ ತಡೆಯಲಾಗಲಿಲ್ಲ. ಹಾವೋ ಅಪ್ಪನೋ ನೋಡೇಬಿಡೋಣ ಎಂದು ಮಟಮಟ ಮಧ್ಯಾಹ್ನ ದೊಣ್ಣೆ ಹಿಡಿದು ಕಾಯಿರಾಶಿಯ ಹಿಂದೆ ಮುದುರಿ ಕೂತ. ಏಣಿ ಕಿರುಗುಟ್ಟಿತು. ಹಾವಿಗೆ ಏಣಿ ಬೇಕಿಲ್ಲ.

ಮೇಲೆ ಬಂದ ಪರಮಶಿವಯ್ಯನವರು ಹುಡುಕಾಡಲಿಲ್ಲ. ನೇರ ಮೂರನೇ ಸಾಲಿಗೆ ಹೋಗಿ ಎರಡು ಮೊಟ್ಟೆ ತೆಗೆದರು. ಮುಗಿಯಿತು, ಅಂಗಳದಲ್ಲಿ ಎಲ್ಲರೆದುರು ತನ್ನ ಮುಖಕ್ಕೇ ಒಡೆಯುತ್ತಾರೆ ಎಂದುಕೊಂಡು ರುದ್ರಮುನಿ ಕಣ್ಣು ಮುಚ್ಚಿದ.

ಟಕ್ ಎಂದು ಸದ್ದಾಯಿತು. ಕಣ್ಣು ಬಿಟ್ಟ.

ಅಪ್ಪ ಕೊರಳಿನ ಬೆಳ್ಳಿ ಕರಡಿಗೆಯನ್ನು, ಒಳಗಿನ ಲಿಂಗಕ್ಕೆ ಕಾಣಬಾರದೆಂಬಂತೆ, ಬೆನ್ನ ಹಿಂದಕ್ಕೆ ಸರಿಸಿಕೊಂಡಿದ್ದರು. ತಲೆ ಮೇಲೆತ್ತಿ ಒಡೆದ ಮೊಟ್ಟೆಯನ್ನು ಗಂಟಲಿಗೆ ಸುರಿದುಕೊಳ್ಳುತ್ತಿದ್ದರು. ಎರಡನೆಯದನ್ನೂ ಕುಡಿದು, ಸಿಪ್ಪೆಯನ್ನು ಟವೆಲಿನ ತುದಿಗೆ ಗಂಟು ಹಾಕಿಕೊಂಡರು. ಅಷ್ಟರಲ್ಲಿ ಕೆಮ್ಮು ಬಂತು. ಬಂದದ್ದು ನಿಲ್ಲಲಿಲ್ಲ. ಬಾಯಿಗೆ ಒತ್ತಿಕೊಂಡ ಟವೆಲು ಕೆಂಪಾಯಿತು.

ರುದ್ರಮುನಿಯ ಕೈಯಿಂದ ದೊಣ್ಣೆ ಜಾರಿತು.

ಅಪ್ಪ ತಿರುಗಿ ನೋಡಿದರು. ಜೇಬಿನಿಂದ ಆಸ್ಪತ್ರೆಯ ಚೀಟಿ ತೆಗೆದು ಕಾಯಿಯ ಮೇಲಿಟ್ಟು, ದೂರ ಸರಿದು ನಿಂತರು. ಕ್ಷಯ ಎಂದಿತ್ತು. ದಿನ ಬಿಟ್ಟು ದಿನ ಇಂಜೆಕ್ಷನ್. ತಟ್ಟೆ ಲೋಟ ಬೇರೆ ಇರಲಿ. ಹಾಲು, ಮೊಟ್ಟೆ ಎರಡು.

"ಕೆಳಗೆ ಕೆಮ್ಮಿದ್ರೆ ನಿಮ್ಮವ್ವ ಹೆದರ್ತಾಳೆ ಅಂತ ಇಲ್ಲಿಗೆ ಬತ್ತಿದ್ದೆ. ಇವು ಕಂಡ್ವು. ಭೈರಮ್ಮನ ಬಾಗಿಲಿಗೆ ಹೋಗೋಕೆ ನಂಗೆ ಮುಖ ಇರಲಿಲ್ಲ ಕಣಪ್ಪ."

ರುದ್ರಮುನಿ ಹತ್ತಿರ ಹೋಗಲು ಎದ್ದ. ಅವರು ಬಾಯಿ ಮುಚ್ಚಿಕೊಂಡು ಕೈಯಡ್ಡ ಹಿಡಿದರು.

"ನಿಮ್ಮ ಚಿಕ್ಕಪ್ಪಂಗೆ ಮಾತ್ರ ಹೇಳಬ್ಯಾಡ."