ಕಂಡಕ್ಟರಮ್ಮನ ಗಂಟಲು

ಮುಚ್ಚಳ ತಾನಾಗಿಯೇ ಮೇಲೆದ್ದು ಅನ್ನ ಹೊರಗೆ ಇಣುಕಿದಾಗಲೇ ಅಡುಗೆಯಮ್ಮನಿಗೆ ತಾನು ಮಾಡಿದ ಎಡವಟ್ಟು ಗೊತ್ತಾದದ್ದು. ಗಾಬರಿಯಲ್ಲಿ ಅರ್ಧವನ್ನು ಇನ್ನೊಂದು ಪಾತ್ರೆಗೆ ತೋಡಿ ಹಾಕಿದಳು. ಅದೂ ತುಂಬಿತು. ಹಾಲಿನ ಪಾತ್ರೆ, ಹಿಟ್ಟು ಕಲಸುವ ಬೋಗುಣಿ, ಕೊನೆಗೆ ಮೊನ್ನೆಯಷ್ಟೇ ತಂದ ಹೊಸ ಬಕೆಟ್ಟು, ಎಲ್ಲಿ ನೋಡಿದರೂ ಅನ್ನವೇ ಅನ್ನ. ಇಡೀ ಹಾಸ್ಟೆಲ್ಲಿಗೆ ಬೇಯಿಸಿ ಬೇಯಿಸಿ ಪಳಗಿದ ಕೈ ಅದು. ಇದು ಇಬ್ಬರೇ ಇರುವ ಮನೆ ಎಂಬುದು ತಲೆಗೆ ಗೊತ್ತಿತ್ತೇ ಹೊರತು ಕೈಗೆ ಗೊತ್ತಿರಲಿಲ್ಲ.

ಹೊಳೆ ಉಕ್ಕಿ ಆ ಹಾಸ್ಟೆಲ್ಲನ್ನೂ ಅದರ ಹಿಂದಿದ್ದ ಅವಳ ಒಂಟಿ ಕೋಣೆಯನ್ನೂ ನುಂಗಿದ ಮೇಲೆ ಅವಳು ಪರಿಹಾರ ಶಿಬಿರ ಸೇರಿದ್ದಳು. ಈ ಬೀದಿಯವರು ತಾವಾಗಿಯೇ ಅಲ್ಲಿಗೆ ಬಂದು, ಮನೆಗೊಂದು ಸಂಸಾರದಂತೆ ಕೈ ಹಿಡಿದು ಕರೆದುಕೊಂಡು ಹೋದರು. ಎಂಥ ಜನ! ಯಾರೋ ಚಪ್ಪಲಿ ಕೊಟ್ಟರು, ಯಾರೋ ಕಂಬಳಿ ಹೊದಿಸಿದರು. ಎದುರುಮನೆ ಮೇಷ್ಟ್ರು ಓಡಾಡಿ ಅವಳ ಕಣ್ಣಿಗೆ ಹೊಂದುವ ಕನ್ನಡಕ ಮಾಡಿಸಿಕೊಟ್ಟರು. ಅವಳನ್ನು ಮನೆಗೆ ಕರೆತಂದ ಕಂಡಕ್ಟರಮ್ಮನಂತೂ ತನ್ನ ಮಂಚ ಬಿಟ್ಟುಕೊಟ್ಟು ತಾನು ಚಾಪೆಗಿಳಿದಳು. ನೆನೆದಾಗಲೆಲ್ಲ ಅಡುಗೆಯಮ್ಮನಿಗೆ ಕಣ್ಣು ತುಂಬಿ ಬರುತ್ತಿತ್ತು.

ಆದರೆ ಒಂದು ಹುಲ್ಲುಕಡ್ಡಿ ಎತ್ತಿಡಲೂ ಯಾರೂ ಬಿಡುತ್ತಿರಲಿಲ್ಲ. "ನೀವು ಸುಮ್ನೆ ಕೂತ್ಕೊಳ್ಳಿ ಅಕ್ಕ, ಪಾಪ, ಎಷ್ಟು ಅನುಭವಿಸಿದ್ದೀರ" ಎಂದು ಬೆಳಿಗ್ಗೆ ಅದೇ ಮಾತು, ಸಂಜೆ ಅದೇ ಮಾತು. ತುಂಬಿದ ಬಸ್ಸನ್ನು ನಡುಗಿಸುವ ಕಂಡಕ್ಟರಮ್ಮನ ಗಂಟಲು ಇವಳ ಮುಂದೆ ಪಿಸುಮಾತಾಗುತ್ತಿತ್ತು. ರೋಗಿಯನ್ನು ನೋಡಲು ಬಂದವರಂತೆ ಅಕ್ಕಪಕ್ಕದವರು ಮೆತ್ತಗೆ ಬಂದು ಮೆತ್ತಗೆ ಹೋಗುತ್ತಿದ್ದರು. ಕೂತು ತಿನ್ನುವ ತುತ್ತು ಅಡುಗೆಯಮ್ಮನಿಗೆ ಇಳಿಯದಾಯಿತು. ಶಿಬಿರಕ್ಕೇ ವಾಪಸು ಹೋಗಿಬಿಡೋಣ, ಅಲ್ಲಾದರೆ ತರಕಾರಿ ಹೆಚ್ಚುತ್ತೇನೆಂದರೆ ಬೇಡವೆನ್ನುವವರಿಲ್ಲ ಎಂದು ತೀರ್ಮಾನಿಸಿದಳು. ಇವತ್ತು ಕಂಡಕ್ಟರಮ್ಮನಿಗೆ ರಜೆ, ಏಳುವುದು ತಡ. ಅಷ್ಟರೊಳಗೆ ಒಂದು ಹೊತ್ತಿನ ಅಡುಗೆ ಮಾಡಿಟ್ಟು, ಋಣದ ಒಂದು ಚೂರಾದರೂ ತೀರಿಸಿ ಹೊರಡೋಣ ಎಂದುಕೊಂಡಿದ್ದಳು. ಆ ಚೂರೇ ಈಗ ಬಕೆಟ್ಟು ತುಂಬಿ ಕೂತಿತ್ತು.

ಕಂಡಕ್ಟರಮ್ಮ ಕಣ್ಣುಜ್ಜಿಕೊಂಡು ಬಾಗಿಲಿಗೆ ಬಂದು ನಿಂತಳು. ಒಂದೊಂದೇ ಪಾತ್ರೆ ನೋಡಿದಳು. ಅಕ್ಕಿ ಡಬ್ಬದೊಳಗೆ ಬಗ್ಗಿ ನೋಡಿದಳು.

"ಅಯ್ಯೋ ನನ್ನ ಕರ್ಮವೇ! ತಲೆ ನೆಟ್ಟಗಿದ್ಯೇನೇ ನಿಂಗೆ? ಇವತ್ತು ಯಾರ ಮದುವೆ, ನಿಂದಾ ನಂದಾ? ಇಡೀ ತಿಂಗಳ ಅಕ್ಕಿ ಕಣೇ ಅಕ್ಕ ಅದು! ಅದೇನು ಕೈಯಾ, ಸಲಿಕೆಯಾ? ನಾಳೆಯಿಂದ ಟಿಕೆಟ್ ಬೇಯಿಸ್ಕೊಂಡು ತಿನ್ನೋಣ್ವಾ?"

ಬೀದಿಯಲ್ಲಿ ಕಿಟಕಿಗಳು ಪಟಪಟನೆ ತೆರೆದುಕೊಂಡವು. ಅಡುಗೆಯಮ್ಮ ಬಾಯಿಗೆ ಕೈ ಅಡ್ಡ ಹಿಡಿದು ಬಿಕ್ಕಿ ಬಿಕ್ಕಿ ಅತ್ತಳು. ನೀರು ಬಂದ ದಿನವೂ ಅವಳು ಹಾಗೆ ಅತ್ತಿರಲಿಲ್ಲ. ಕಂಡಕ್ಟರಮ್ಮ ನಾಲಿಗೆ ಕಚ್ಚಿಕೊಂಡಳು.

"ತಪ್ಪಾಯ್ತು ಅಕ್ಕ. ಹಾಳಾದ್ದು, ನನ್ನ ಬಾಯಿಗೆ ಬೀಗ ಇಲ್ಲ. ನೀವು ಮನಸ್ಸಿಗೆ ಹಚ್ಕೋಬೇಡಿ."

ಅಷ್ಟರಲ್ಲಿ ಎದುರುಮನೆ ಮೇಷ್ಟ್ರು ಕೋಲು ಹಿಡಿದೇ ಓಡಿ ಬಂದಿದ್ದರು. "ಏನಮ್ಮಾ, ಮನೆಗೆ ಕಳ್ಳ ನುಗ್ಗಿದ್ನಾ?"

"ಕಳ್ಳ ಅಲ್ಲ ಮೇಷ್ಟ್ರೇ, ಅನ್ನ ನುಗ್ಗಿದೆ. ಪಾತ್ರೆ ತನ್ನಿ!"

ಮೇಷ್ಟ್ರು ಬೀದಿಗೆಲ್ಲ ಸುದ್ದಿ ಮುಟ್ಟಿಸಿದರು. ಜನ ಪಾತ್ರೆ ಹಿಡಿದು ಬಂದರು, ಜೊತೆಗೆ ಅವರವರ ಮನೆಯಲ್ಲಿದ್ದ ಸಂತ್ರಸ್ತರೂ ಬಂದರು. ಖಾಲಿ ಪಾತ್ರೆ ಮಾತ್ರ ಒಬ್ಬರೂ ತರಲಿಲ್ಲ. ತಂದ ಅಕ್ಕಿಯನ್ನು ಡಬ್ಬಕ್ಕೆ ಸುರಿದು, ಅನ್ನ ಹಾಕಿಸಿಕೊಂಡು ಹೋದರು. ಬಕೆಟ್ಟನ್ನು ಮೇಷ್ಟ್ರು ಸೈಕಲ್ಲಿಗೆ ನೇತುಹಾಕಿ ಶಿಬಿರಕ್ಕೆ ಒಯ್ದರು. ಅಡುಗೆಯಮ್ಮ ಸೌಟು ಹಿಡಿದು "ಇನ್ನೊಂದು ಚೂರು ಹಾಕಿಸ್ಕೊಳ್ಳಿ, ನಾಚ್ಕೋಬೇಡಿ" ಎಂದು ಎಲ್ಲರಿಗೂ ಬಡಿಸಿದಳು. ಎಷ್ಟೋ ದಿನಗಳಿಂದ ಬರೀ ಚಾಚಿದ್ದ ಕೈ ಇವತ್ತು ಕೊಡುತ್ತಿದೆ ಎನ್ನುವ ಸುಖ ಅವಳ ಮುಖದಲ್ಲಿತ್ತು. ಆ ಗಡಿಬಿಡಿಯಲ್ಲಿ ಒಲೆಯ ಮೇಲೆ ಉಳಿದಿದ್ದ ಅನ್ನ ಸೀದು ಕರಕಾಯಿತು.

ಎಲ್ಲರೂ ಹೋದ ಮೇಲೆ ಕಂಡಕ್ಟರಮ್ಮ ಮತ್ತೆ ಮೆಲ್ಲಗೆ ಹತ್ತಿರ ಬಂದಳು. "ನೀವು ದಣಿದಿದ್ದೀರ ಅಕ್ಕ. ಬನ್ನಿ, ಸ್ವಲ್ಪ ಕೂತ್ಕೊಳ್ಳಿ."

ಅಡುಗೆಯಮ್ಮ ಸೌಟು ಕೆಳಗಿಟ್ಟಳು.

"ನೋಡು ತಂಗಿ, ನಿಮ್ಮೆಲ್ಲರ ಉಪಕಾರ ನಾನು ಸಾಯೋವರೆಗೂ ಮರೆಯಲ್ಲ. ಆದ್ರೆ ಹೊಳೆ ಬಂದಾಗಿಂದ ಎಲ್ರೂ ನನ್ನ ನೋಡಿ ಅಯ್ಯೋ ಪಾಪ ಅಂದೋರೇ. ಮನೆಯೋಳು ಅಂದ್ಕೊಂಡು ಬೈದದ್ದು ಇವತ್ತು ನೀನೊಬ್ಬಳೇ. ನಾನು ಹೊರಟು ನಿಂತಿದ್ದೆ. ಇಲ್ಲೇ ಇರ್ಬೇಕು ಅಂತಿದ್ರೆ, ಹಾಗೇ ಬೈ."

ಕಂಡಕ್ಟರಮ್ಮ ಅವಳ ಮುಖವನ್ನೇ ನೋಡಿದಳು. ಕಣ್ಣೊರೆಸಿಕೊಂಡಳು. ಆಮೇಲೆ ಸೊಂಟಕ್ಕೆ ಕೈ ಕೊಟ್ಟು, ಎದೆ ತುಂಬ ಉಸಿರೆಳೆದುಕೊಂಡಳು.

"ಹಾಗಾದ್ರೆ ಆ ಸೀದ ಪಾತ್ರೆ ಯಾರೇ ತಿಕ್ತಾರೆ, ನಿಮ್ಮಪ್ಪ ಬರ್ತಾನಾ?"