ಗೋಡೆಗೆ ಜೀವ

ಆಸ್ಪತ್ರೆಗೆ ‘ಹಸಿರು ಕಟ್ಟಡ’ ಪ್ರಶಸ್ತಿ ಕೊಡುವವರು ಅಂದು ಮಧ್ಯಾಹ್ನ ಬರುವವರಿದ್ದರು. ವಾರ್ಡಿನ ಎದುರು ಗೋಡೆಯ ತುಂಬ ಗಿಡ ಬೆಳೆಸಿದ್ದರು. ಅದನ್ನು ನೋಡಿದರೇ ರೋಗಿಗೆ ಅರ್ಧ ವಾಸಿ ಎನ್ನುತ್ತಿದ್ದರು ಮ್ಯಾನೇಜರು. ಅದರ ಎಲೆ ಒರೆಸಲು ಬೆಳಿಗ್ಗೆಯೇ ಆಯಾಗಳನ್ನೆಲ್ಲ ಕರೆದೊಯ್ದಿದ್ದರಿಂದ ವಾರ್ಡಿನಲ್ಲಿ ಬೆಡ್‌ಪ್ಯಾನುಗಳು ತುಂಬಿ ನಾರುತ್ತಿದ್ದವು. ಆದರೆ ಸಿಸ್ಟರ್ ಜೆಸಿಂತಾಗೆ ವಾಕರಿಕೆ ಬರುತ್ತಿದ್ದದ್ದು ಆ ಗೋಡೆ ಕಂಡಾಗ.

ಹನ್ನೊಂದಕ್ಕೆ ಆಕೆ ಮ್ಯಾನೇಜರಿಗೆ ಫೋನ್ ಮಾಡಿದಳು. “ಸರ್, ಡ್ರಿಪ್ ನಿಂತು ಅರ್ಧ ಗಂಟೆ ಆಯ್ತು. ಬದಲಾಯಿಸೋಣ ಅಂದ್ರೆ ಸ್ಟೋರಿಗೆ ಬೀಗ ಹಾಕಿದೆ.”

“ಅರ್ಧ ಗಂಟೆನಾ! ಹೆಚ್ಚುಕಡಿಮೆ ಆದ್ರೆ ಯಾರ್ರೀ ಹೊಣೆ? ಬಂದೆ, ಇರಿ!”

ಲಿಫ್ಟಿಗೂ ಕಾಯದೆ ಎದ್ದೂಬಿದ್ದೂ ಓಡಿಬಂದರು. ಪರವಾಗಿಲ್ಲ, ಇವರೂ ಮನುಷ್ಯರೇ ಎಂದುಕೊಂಡು ಜೆಸಿಂತಾ ವಾರ್ಡಿನ ಬಾಗಿಲು ತೆರೆದು ಹಿಡಿದಳು.

ಅವರು ಒಳಗೆ ಬರಲಿಲ್ಲ. ಗೋಡೆಯ ಬಳಿ ನಿಂತು, ಎಲೆಗಳ ಸಂದಿಗೆ ಕೈ ತೂರಿಸಿ ಪೈಪು ಮುಟ್ಟಿದರು. ನೀರು ತೊಟ್ಟಿಕ್ಕುತ್ತಿತ್ತು.

“ಬರ್ತಾ ಇದೆಯಲ್ರೀ ಡ್ರಿಪ್ಪು!”

“ಗಿಡದ್ದಲ್ಲ ಸರ್, ಒಂಬತ್ತನೇ ಬೆಡ್ಡಿನ ಅಜ್ಜಿಗೆ ಹಾಕಿದ್ದು.”

ಮ್ಯಾನೇಜರು ಬೆವರು ಒರೆಸಿಕೊಂಡು ನಕ್ಕರು.

“ಓ, ಪೇಷೆಂಟ್‌ದಾ? ಸುಮ್ನೆ ಎದೆ ಒಡೆಸಿಬಿಟ್ರಲ್ಲ ಸಿಸ್ಟರ್!”