ಗಂಟಿಗೆ ಇಟ್ಟ ಕುಂಕುಮ

ಜೀವಕೋಶಗಳು ಹೇಳಿಯೇ ಸಾಯುತ್ತಿದ್ದ ಕಾಲವದು. ಏಟು ತಿಂದ ಕೋಶಗಳು ಚರ್ಮದೊಳಗಿಂದ ಸಣ್ಣಗೆ "ಬರ್ತೀವಿ" ಎನ್ನುತ್ತಿದ್ದವು. ಜನ "ಹೂಂ" ಎಂದು ತಮ್ಮ ಕೆಲಸ ನೋಡಿಕೊಳ್ಳುತ್ತಿದ್ದರು. ಅಂಬುಜಾಕ್ಷಮ್ಮನಿಗೆ ಮಾತ್ರ ಯಾರನ್ನೂ ಹಾಗೆ ಕಳಿಸಿ ಅಭ್ಯಾಸವಿಲ್ಲ. ಕುಕ್ಕರಿನ ಹಬೆ ತಗುಲಿ ಬಲಗೈ ಬೆಂದಾಗಲೂ, "ಈಗ್ಲೇ ಏನವಸರ? ಇನ್ನೆರಡು ದಿನ ಇರಿ" ಎಂದು ಒತ್ತಾಯಿಸಿದರು. ಬೆಂದ ಕೋಶಗಳು ದಾಕ್ಷಿಣ್ಯಕ್ಕೆ ಉಳಿದವು. ಹಾಗೆ ಉಳಿದವು ಸುಮ್ಮನಿರದೆ ಸಂಸಾರ ಬೆಳೆಸಿ, ಮುಂಗೈ ಮೇಲೆ ನೆಲ್ಲಿಕಾಯಿ ಗಾತ್ರದ ಗಂಟಾದವು.

"ನೀವೇ ಉಪಚಾರ ಮಾಡಿ ಇಟ್ಕೊಂಡಿದ್ದೀರಿ. ಹೋಗಿ ಅನ್ನಿ, ಸಾಕು," ಎಂದರು ಡಾಕ್ಟರ್ ನಫೀಸಾ.

"ನಮ್ಮಲ್ಲಿದ್ದವರನ್ನ ಎದ್ದುಹೋಗಿ ಅನ್ನೋದೇ? ನಾಲಿಗೆ ಹೊರಳಲ್ಲ ಕಣಮ್ಮ."

"ಹಾಗಾದ್ರೆ ಕೈಯೇ ಹೊರಡುತ್ತೆ."

ಮನೆಗೆ ಬಂದ ಅಂಬುಜಾಕ್ಷಮ್ಮ ಬಹಳ ಹೊತ್ತು ಗಂಟನ್ನೇ ನೋಡುತ್ತ ಕುಳಿತರು. ಕೊನೆಗೆ ಎದ್ದು ಭರಣಿ ತಂದು, ಹೊರಟುನಿಂತ ಮುತ್ತೈದೆಯರಿಗೆ ಇಡುವಂತೆ, ಗಂಟಿಗೆ ಕುಂಕುಮ ಇಟ್ಟರು. ಬಾಯಿಬಿಟ್ಟು ಏನೂ ಹೇಳಲಿಲ್ಲ.

ಎಷ್ಟೆಂದರೂ ಅವು ಇದೇ ಮನೆಯಲ್ಲಿ ಬೆಳೆದ ಕೋಶಗಳು, ಅರ್ಥ ಮಾಡಿಕೊಂಡವು. ಸಂಜೆಯ ಹೊತ್ತಿಗೆ ಕೈತುಂಬ "ಬರ್ತೀವಮ್ಮ, ಬರ್ತೀವಮ್ಮ" ಎಂಬ ಗುಜುಗುಜು.

"ಕಾಫಿ ಕುಡಿದೇ ಹೊರಡಿ" ಎಂಬ ಮಾತು ತುಟಿಯವರೆಗೂ ಬಂದಿತ್ತು. ಅಂಬುಜಾಕ್ಷಮ್ಮ ಎಡಗೈಯಿಂದ ಬಾಯಿ ಮುಚ್ಚಿಕೊಂಡರು.